ಬಳೆಯ ಸಪ್ಪಳ ಕೇಳಬೇಕು

ನಾನು ಶಾಲೆ ಬಿಟ್ಟದ್ದು 1997ರಲ್ಲಿ, ಏಳನೇ ಇಯತ್ತೆಯ ನಡುವೆ. ಆ ವರ್ಷ ಅಪ್ಪ ತೀರಿಕೊಂಡ. ತಂಗಿ ಇನ್ನೂ ತೊಟ್ಟಿಲಲ್ಲಿದ್ದಳು. ಮಾಸ್ತರರು ಮನೆಗೆ ಬಂದು, ‘ಹುಡುಗ ಶಾಣ್ಯಾ ಅದಾನ, ಸಾಲಿ ಬಿಡಸಬ್ಯಾಡ್ರಿ’ ಎಂದು ಅವ್ವನಿಗೆ ಹೇಳಿದರು. ಅವ್ವ ಅವರಿಗೆ ಚಹಾ ಮಾಡಿ ಕೊಟ್ಟಳು. ಮರುದಿನ ನಾನು ಕಬ್ಬು ಕಡಿಯುವವರ ಜೊತೆ ಹೋದೆ. ಕಬ್ಬು ಕಡಿದೆ, ಇಟ್ಟಿಗೆ ಹೊತ್ತೆ, ಮದುವೆಗಳಿಗೆ ಬಾರಿಸುವ ಘಟಪ್ರಭಾದ ಒಂದು ಬೆಂಜೊ ಪಾರ್ಟಿಯಲ್ಲಿ ಸ್ಪೀಕರ್ ಬಾಕ್ಸು ಹೊತ್ತೆ. ಹೊರುತ್ತ ಹೊರುತ್ತ ಪ್ಯಾಡು ಎಂಬ ಕರೆಂಟಿನ ಡ್ರಮ್ಮು ಬಾರಿಸುವುದನ್ನು ಕಲಿತೆ, ಆಮೇಲೆ ಬೆಂಜೊದ ತಂತಿಗೆ ಕೈ ಹಚ್ಚಿದೆ. ಮೂವತ್ತು ತುಂಬುವುದರೊಳಗೆ ಕುಲಗೋಡದಲ್ಲಿ ನನ್ನದೇ ಪಾರ್ಟಿ ಕಟ್ಟಿದೆ. ಟ್ರ್ಯಾಕ್ಟರಿನ ಟ್ರೇಲರ್ ಮೇಲೆ ಬಾಕ್ಸುಗಳನ್ನು ಗೋಡೆಯಂತೆ ಏರಿಸಿ, ಮುಂದೆ ಬೆಂಜೊ, ಬದಿಗೆ ಪ್ಯಾಡು, ಹಿಂದೆ ಜನರೇಟರ್. ನಮ್ಮ ಗಾಡಿ ಮದುಮಗನ ಮುಂದೆ ಹೊರಟರೆ ಮೂರು ಓಣಿ ಆಚೆಗಿನ ನಾಯಿಯೂ ಎದ್ದು ನಿಲ್ಲುತ್ತಿತ್ತು.

ಯಾರ ಕೈಯನ್ನೂ ಹಿಡಿದು ನಾನು ಮೇಲೆ ಬಂದವನಲ್ಲ. ಆದರೆ ನಮ್ಮ ಕಡೆಯ ಎಲ್ಲ ಹೆಣ್ಣುಮಕ್ಕಳ ಕೈ ಹಿಡಿದವಳೊಬ್ಬಳಿದ್ದಳು. ಹೋದ ವರ್ಷ ತೀರಿಕೊಂಡಳು. ಅವಳ ಬಗ್ಗೆ ಬರೆಯಬೇಕು ಅನ್ನಿಸಿದೆ.

ಅವಳು ಮೂಡಲಗಿಯ ಬಳೆಗಾರ್ತಿ. ಬಸ್ ಸ್ಟ್ಯಾಂಡಿನ ಹಿಂದೆ ಒಂದು ಖೋಲಿಯ ಮನೆ. ತೆಳ್ಳಗಿನ ದೇಹ, ದೊಡ್ಡ ಮೂಗು, ದವಡೆಯಲ್ಲಿ ಯಾವಾಗಲೂ ಒಂದು ಚೂರು ತಂಬಾಕು. ವಾರದ ಸಂತೆಗಳಿಗೆ ಹುಕ್ಕೇರಿ, ಘಟಪ್ರಭಾ ಎಂದು ಬಸ್ಸಿನಲ್ಲಿ ಹೋಗುತ್ತಿದ್ದಳು. ಮದುವೆ ಸುಗ್ಗಿಯಲ್ಲಿ ಮಾತ್ರ ಸಂತೆ ಬಿಟ್ಟು ಮನೆ ಮನೆಗೆ. ಮದುವೆಯ ಹಿಂದಿನ ದಿನ ಮನೆಯ ಹೆಂಗಸರೆಲ್ಲರಿಗೆ ಬಳೆ ಇಡಿಸುವ ಪದ್ಧತಿ ನಮ್ಮಲ್ಲಿ ಇದೆಯಲ್ಲ, ಆ ದಿನ ಅವಳದು. ದಾರಕ್ಕೆ ಪೋಣಿಸಿದ ಬಳೆಗಳ ಮಲಾರವನ್ನು ಹೆಗಲಿಂದ ಇಳಿಸಿ, ಪಡಸಾಲೆಯ ನಡುವೆ ಕೂತು, ಒಂದೊಂದೇ ಕೈಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು ಹಿಚುಕುತ್ತಿದ್ದಳು. ‘ಕೈ ಮೆತ್ತಗ ಬಿಡಬೇ. ಗಂಡನ ಮ್ಯಾಲಿನ ಸಿಟ್ಟ ನನ್ನ ಬಳಿ ಮ್ಯಾಲ ತಗೀಬ್ಯಾಡ’ ಎನ್ನುತ್ತಿದ್ದಳು. ನಕ್ಕಾಗ ಕೈ ಸಡಿಲಾಗುತ್ತಿತ್ತು, ಬಳೆ ಏರುತ್ತಿತ್ತು.

ಬಳೆ ಒಡೆದರೆ ಒಡೆಯಿತು ಅನ್ನಲು ಬಿಡುತ್ತಿರಲಿಲ್ಲ. ‘ಹೆಚ್ಚಾತು ಅನ್ನ್ರಿ’ ಎಂದು ಗದರಿಸುತ್ತಿದ್ದಳು. ಸಣ್ಣ ಹುಡುಗಿಯರಿಗೂ ಆ ಪಾಠ ತಪ್ಪುತ್ತಿರಲಿಲ್ಲ.

ಅವಳ ಗಂಡ ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ದಿನವಿಡೀ ಕೂತಿರುತ್ತಿದ್ದ ಮನುಷ್ಯ. ಬಾಯಿಂದ ಮಾತು ಹೊರಡುವುದೇ ಅಪರೂಪ. ‘ನಮ್ಮ ಮನ್ಯಾಗ ಸಪ್ಪಳಾ ಮಾಡೂವು ಬಳಿ ಅಷ್ಟ’ ಎಂದು ಅವಳೇ ಹೇಳಿ ನಗುತ್ತಿದ್ದಳು.

ಇಂಥವಳನ್ನು ಜನ ವಾಜಂತ್ರಿಯ, ಅಂದರೆ ಮದುವೆಯ ವಾದ್ಯದ, ವಿಷಯ ಕೇಳಲು ಯಾವಾಗ ಶುರು ಮಾಡಿದರೋ ಗೊತ್ತಿಲ್ಲ. ಊರೂರು ತಿರುಗುವವಳು, ನೂರು ಮದುವೆ ನೋಡಿದವಳು ಎಂದು ಯಾರೋ ಕೇಳಿರಬೇಕು. ನಾನು ಪಾರ್ಟಿ ಕಟ್ಟುವ ಹೊತ್ತಿಗೆ ಅದು ರೂಢಿಯಾಗಿಬಿಟ್ಟಿತ್ತು. ಮದುವೆ ಗೊತ್ತಾಯಿತೋ, ಅವಳನ್ನು ಕರೆದು ಚಹಾ ಕೊಟ್ಟು, ‘ಅಕ್ಕಾ, ಯಾವ ವಾಜಂತ್ರಿ ಹೇಳೂಣು?’ ಎಂದು ಕೇಳುವುದು. ಸನಾದಿಯೋ, ಬ್ಯಾಂಡೋ, ಡೊಳ್ಳೋ, ಬೆಂಜೊನೋ, ಗೋಕಾಕದ ಡೀಜೆಯೋ. ಅವಳು ಯಾವ ಪಾರ್ಟಿ ಚೆನ್ನಾಗಿ ಬಾರಿಸುತ್ತದೆ ಎಂದು ಹೇಳುತ್ತಲೇ ಇರಲಿಲ್ಲ. ಎರಡನೇ ಸಲ ಚಹಾ ಕೇಳಿ, ಮನೆಯ ಬಗ್ಗೆಯೇ ತಿರುಗಿ ಪ್ರಶ್ನೆ ಹಾಕುತ್ತಿದ್ದಳು. ಓಣಿ ಎಷ್ಟು ಅಗಲ ಐತಿ? ಹಾಸಿಗಿ ಹಿಡದ ಮುದುಕರ ಅದಾರೇನು? ಎಮ್ಮಿ ಈಯೂದ ಐತೇನು? ಬೀಗರು ನಗೂ ಮಂದಿಯೋ, ಮಾರಿ ಗಂಟ ಹಾಕ್ಕೊಳ್ಳೂ ಮಂದಿಯೋ?

ಮೂಡಲಗಿಯ ಒಬ್ಬ ಕಿರಾಣಿ ವ್ಯಾಪಾರಿ ಮಗನ ಮದುವೆಗೆ ಡೀಜೆ ತರಿಸುತ್ತೇನೆಂದು ಹಟ ಹಿಡಿದಿದ್ದ. ಬಾಜೂ ಮನೆಯವರು ತರಿಸಿದ್ದರು, ಅದೇ ಕಾರಣ. ಹಿರಿಯ ಸೊಸೆಯ ಕೈ ಹಿಡಿದು ನೋಡಿದ ಇವಳು, ‘ಈಕಿಗೆ ದಿನಾ ತುಂಬಾಕ ಬಂದಾವ. ಕೈ ಬಾತಾವ. ಆ ಡೀಜೆ ಹಚ್ಚಿದ್ರ ಕೂಸ ಮಂಟಪದಾಗ ಬಂದ ಅಕ್ಕಿಕಾಳ ಹಾಕತೈತಿ ನೋಡ. ಸನಾದಿ ಸಾಕು’ ಎಂದಳು.

‘ಬರೇ ಸನಾದಿ ಊದಿಸಿದ್ರ ಮಂದಿ ಏನಂತಾರ ಅಕ್ಕಾ?’

‘ಮಂದಿ ಊಟದ ಸುದ್ದಿ ಮಾತಾಡ್ತಾರ. ವಾಜಂತ್ರಿ ಸುದ್ದಿ ಮಾತಾಡೂದು ಕಿವಿ ನೂಸಿದಾಗ ಅಷ್ಟ.’

ಸನಾದಿ ಬಂತು. ಮದುವೆ ಆಯಿತು. ಜನ ನಿಜಕ್ಕೂ ಊಟದ ಸುದ್ದಿಯನ್ನೇ ಮಾತಾಡಿದರು, ಹುಗ್ಗಿಗೆ ಬೆಲ್ಲ ಕಡಿಮೆಯಾಗಿತ್ತು.

ಅವಳ ಮಾತು ಯಾವಾಗಲೂ ಸರಿಯಾಗುತ್ತಿತ್ತು ಎಂದಲ್ಲ. ಘಟಪ್ರಭಾದ ಒಂದು ಮನೆಗೆ ಭಜನಾ ಮೇಳ ಹೇಳಿಸಿದಳು. ಹಾಡುವವರು ಛಲೋ ಹಾಡಿದರು, ಆದರೆ ಬೀಗರ ಕಡೆಯ ಹುಡುಗರೆಲ್ಲ ಎದ್ದು ಹೋಗಿ ಬಸ್ಸಿನೊಳಗೆ ಮೊಬೈಲಿನಲ್ಲಿ ಹಾಡು ಹಚ್ಚಿ ಕುಣಿದರು. ಮಂಟಪದಲ್ಲಿ ಉಳಿದವರು ತೂಕಡಿಸಿದರು. ಆ ಮನೆಯವರು ಸಂತೆಯಲ್ಲಿ ಅವಳನ್ನು ಹಿಡಿದು ಕೇಳಿದಾಗ, ‘ಹೂಂ, ತಪ್ಪಾತು. ಹತ್ತ ಬಳಿ ಇಡಸೂವಾಗ ಒಂದ ಹೆಚ್ಚಾಗೂದ’ ಎಂದಳಂತೆ. ಮುಂದಿನ ಗಿರಾಕಿಯ ಕೈ ಹಿಡಿದಳಂತೆ.

ನನ್ನ ಪಾರ್ಟಿಯ ಹೆಸರನ್ನು ಮಾತ್ರ ಅವಳು ಯಾವ ಮನೆಯಲ್ಲೂ ಎತ್ತುತ್ತಿರಲಿಲ್ಲ. ಇದು ನನಗೆ ಚುಚ್ಚುತ್ತಿತ್ತು. ಒಂದು ಮಧ್ಯಾಹ್ನ ಊರ ಹೊರಗಿನ ಬೇವಿನ ಮರದ ಕೆಳಗೆ ನಾವು ತಾಲೀಮು ಮಾಡುತ್ತಿದ್ದಾಗ, ಬಸ್ಸಿಗೆ ಹೊರಟಿದ್ದ ಅವಳನ್ನು ಕಂಡು ಕರೆದೆ.

‘ಅಕ್ಕಾ, ಒಂದಿಷ್ಟ ನಿಂತ ಕೇಳ್ರಿ. ನಮ್ಮದೇನ ತಪ್ಪೈತಿ ಹೇಳ್ರಿ.’

ಅವಳು ಗಂಟನ್ನು ಕೆಳಗಿಟ್ಟಳು. ಮಲಾರವನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ‘ಬಾರಸ್ರಿ’ ಎಂದಳು. ನಾವು ಬಾರಿಸಿದೆವು. ಅವಳು ಕಿವಿಯ ಹತ್ತಿರ ಮಲಾರವನ್ನು ಅಲ್ಲಾಡಿಸುತ್ತ ನಿಂತಳು. ಬಳೆಗಳು ಒಂದಕ್ಕೊಂದು ಬಡಿಯುವುದು ಕಾಣುತ್ತಿತ್ತು. ಹಾಡು ಮುಗಿಯಿತು.

‘ಕೇಳಸಲಿಲ್ಲ ತಮ್ಮಾ.’

‘ಬೆಂಜೊ ಕೇಳಸಲಿಲ್ಲ? ಎಂಟ ಬಾಕ್ಸ ಅದಾವ್ರಿ.’

‘ಬಳಿ ಕೇಳಸಲಿಲ್ಲ. ಮದುಮಕ್ಕಳ ಮ್ಯಾಲ ಅಕ್ಕಿಕಾಳ ಹಾಕೂ ಹೊತ್ತಿನ್ಯಾಗ ಅಷ್ಟೂ ಹೆಣ್ಮಕ್ಕಳು ಒಮ್ಮಿಗೇ ಕೈ ಎತ್ತತಾರ. ಆಗ ಬಳಿ ಸಪ್ಪಳಾ ಕೇಳಬೇಕು. ಅದು ಕೇಳಿದ್ರ ಆ ವಾಜಂತ್ರಿ ಮದುವಿದು. ಕೇಳಲಿಲ್ಲಂದ್ರ ಅದು ಬರೇ ವಾಜಂತ್ರೀದು.’

‘ನಿಮ್ಮ ಬಳಿ ಮಾರಾಟ ಆಗ್ಲೆಂತ ಹೇಳ್ತೀರಿ.’

‘ಹೌದಪಾ. ಮತ್ತ ನೀ ಯಾಕ ಬಾರಸ್ತಿ?’ ಎಂದು ಗಂಟು ಎತ್ತಿಕೊಂಡು ಬಸ್ಸಿಗೆ ಓಡಿದಳು. ನನ್ನ ಹುಡುಗರು ನಕ್ಕರು. ನಾನು ನಗಲಿಲ್ಲ.

ತಂಗಿಗೆ ಇಪ್ಪತ್ತೆರಡು ತುಂಬಿದ ವರ್ಷ ವರ ಗೊತ್ತಾಯಿತು. ಹುಡುಗ ಹಿಡಕಲ್ ಕಡೆಯವನು, ಕಾಲುವೆಯ ಗೇಟು ನೋಡಿಕೊಳ್ಳುವ ಕೆಲಸ. ನಮ್ಮಂತೆಯೇ ಕುರಿ ಕಾಯ್ದು, ಹೊಲ ಮಾಡಿ ಬಂದ ಮನೆತನ. ಸಂಬಂಧ ಗಟ್ಟಿ ಮಾಡಿ ಸಕ್ಕರೆ ಹಂಚುವ ದಿನ ಊಟ ಯಾರದು, ಬಟ್ಟೆ ಯಾರದು ಎಂಬ ಮಾತೆಲ್ಲ ಮುಗಿದು ವಾಜಂತ್ರಿಗೆ ಬಂತು. ಹುಡುಗನ ಕಾಕಾ ರುಮಾಲು ಸರಿಮಾಡಿಕೊಳ್ಳುತ್ತ, ‘ವಾಜಂತ್ರಿ ಚಿಂತಿ ಬಿಡ್ರಿ. ನಮ್ಮ ಹುಡುಗೂರ ಅದಾರಲ್ಲ’ ಎಂದರು. ಹಾಗೆನ್ನುವಾಗ ನನ್ನ ಕಡೆಯೇ ನೋಡುತ್ತಿದ್ದರು.

ನನ್ನ ಎದೆ ಉಬ್ಬಿತು. ಸಂಬಂಧ ಕೂಡಿ ಒಂದು ತಾಸಾಗಿಲ್ಲ, ಆಗಲೇ ನನ್ನನ್ನು ನಮ್ಮ ಹುಡುಗ ಅನ್ನುತ್ತಿದ್ದಾರೆ. ಆ ದಿನದ ಬೇರೆ ಎರಡು ಮದುವೆ ಬಿಟ್ಟೆ. ಬಾಕ್ಸುಗಳಿಗೆ ಹೊಸ ಜಾಳಿಗೆ ಹಾಕಿಸಿದೆ. ತೊಟ್ಟಿಲಲ್ಲಿದ್ದ ಕೂಸನ್ನು ಬೆಳೆಸಿ, ಅದರ ಮದುವೆಯಲ್ಲಿ ನನ್ನದೇ ಬೆಂಜೊ ಬಾರಿಸುವುದು. ಶಾಲೆ ಬಿಟ್ಟವನಿಗೆ ಇದಕ್ಕಿಂತ ದೊಡ್ಡ ಪಾಸು ಯಾವುದಿದೆ?

ಮದುವೆಯ ಹಿಂದಿನ ದಿನ ಬಳೆಗಾರ್ತಿ ಬಂದಳು. ನಾವೇ ಹೇಳಿ ಕಳಿಸಿದ್ದರಿಂದ ಒಂದು ದಿನ ಮೊದಲು ಬೀಗರ ಮನೆಗೂ ಹೋಗಿ ಬಳೆ ಇಡಿಸಿ ಬಂದಿದ್ದಳು. ಪಡಸಾಲೆ ತುಂಬ ಹೆಂಗಸರು. ತಂಗಿಯ ಕೈಗೆ ಹಸಿರು ಬಳೆ ಏರಿಸುತ್ತ, ತಲೆ ಎತ್ತದೆ ಕೇಳಿದಳು.

‘ತಮ್ಮಾ, ನಾಳಿ ಯಾರ ವಾಜಂತ್ರಿ?’

‘ಯಾರದಂದ್ರ? ನಂದು. ನಮ್ಮ ಹುಡುಗೂರ ಅದಾರ ಅಂತ ಕಾಕಾರ ಹೇಳ್ಯಾರ.’

‘ಅವರ ಹುಡುಗೂರ ಅಂದ್ರ ಅವರ ಅಣ್ಣತಮ್ಮರ ಮಕ್ಕಳಪಾ. ಡೊಳ್ಳ ಬಾರಸ್ತಾರ. ನಿನ್ನಿ ಅಂಗಳದಾಗ ಡೊಳ್ಳ ಬಿಸಲಿಗೆ ಇಟ್ಟಿದ್ರು. ನನ್ನ ಕಣ್ಣೀಲೆ ನೋಡೇನಿ.’

ಅವ್ವನ ಮುಖ ಸಣ್ಣದಾಯಿತು. ಯಾಕೆಂದರೆ ಹೋದ ಬೇಸಿಗೆಯಷ್ಟೇ ಬಾಜೂ ಊರಿನಲ್ಲಿ ಎರಡು ಕಡೆಯ ಎರಡು ವಾಜಂತ್ರಿ ಊರಬಾಗಿಲ ಅಗಸಿಯಲ್ಲಿ ಎದುರಾಗಿದ್ದವು. ಇವರು ನಿಲ್ಲಿಸಲಿಲ್ಲ, ಅವರು ನಿಲ್ಲಿಸಲಿಲ್ಲ. ಬಾರಿಸುವುದು ಬೈಗುಳವಾಯಿತು, ಬೈಗುಳ ಕೈಗೆ ಬಂತು. ಗಂಡಿನ ಕಡೆಯವರು ಉಣ್ಣದೆ ತಿರುಗಿ ಹೋದರು. ಆ ಹುಡುಗಿ ಇನ್ನೂ ತವರಿನಲ್ಲೇ ಇದ್ದಳು.

‘ಫೋನ ಹಚ್ಚಿ ಅವರಿಗೆ ಡೊಳ್ಳ ಬ್ಯಾಡನ್ನಲಾ’ ಎಂದಳು ಅವ್ವ.

‘ಅವರು ಮನೀ ಮಕ್ಕಳವ್ವ’ ಎಂದಳು ಬಳೆಗಾರ್ತಿ. ‘ಡೊಳ್ಳ ಬ್ಯಾಡ ಅಂದ್ರ ಮದುವೀಗೇ ಬರಬ್ಯಾಡ್ರಿ ಅಂದಂಗ.’

‘ಹಂಗಾರ ಅವರೂ ಬಾರಸ್ಲಿ, ನಾನೂ ಬಾರಸ್ತೇನಿ. ನೋಡೂಣು ಯಾರದ ಕೇಳಸ್ತೈತಿ’ ಎಂದೆ ನಾನು.

‘ಕೇಳಸೂದು ನಿಂದ. ಎಂಟ ಬಾಕ್ಸ ಅದಾವ. ಸೋಲಾವ್ರ ಯಾರು?’

‘ಯಾರಂದ್ರ, ಡೊಳ್ಳಿನವ್ರು.’

‘ಅಲ್ಲಪಾ, ಈಕಿ’ ಎಂದು ತಂಗಿಯ ಕೈಯನ್ನು ಎತ್ತಿ ತೋರಿಸಿದಳು. ‘ನಾಡದ ಮುಂಜಾನೆ ಆ ಮನ್ಯಾಗ ನೀರ ತರಾಕ ಹೋಗಾಕಿ ಈಕಿ. ಡೊಳ್ಳಿನವರ ಅವ್ವಗೋಳ ಆ ನಳದ ಹಂತ್ಯಾಕ ನಿಂತಿರ್ತಾರ.’

‘ಇಷ್ಟ ಊರಾಗ ಬಾರಸಿ, ನನ್ನ ತಂಗೀ ಮದುವ್ಯಾಗ ಬಾರಸಲಿಲ್ಲ ಅಂದ್ರ ನಾ ಮಾರಿ ಎಲ್ಲಿ ಇಡಲಿ ಅಕ್ಕಾ? ಸ್ವಂತ ಮನೀಗೆ ಬ್ಯಾಡಾದ ಬೆಂಜೊ ನಮಗ್ಯಾಕ ಅಂತಾರ ಮಂದಿ.’

ಅವಳು ಮಲಾರದಿಂದ ಇನ್ನೊಂದು ಬಳೆ ಬಿಡಿಸಿದಳು. ತಂಗಿಯ ಕೈಯನ್ನು ಹಿಚುಕುತ್ತ, ‘ತಂಗಿ, ನಿನ್ನ ಯಾರರ ಕೇಳ್ಯಾರೇನು? ನಿನಗ ಯಾವದ ಬೇಕು?’ ಎಂದಳು.

‘ಯಾವದರ ಬಾರಸ್ಲಿ ಅಕ್ಕಾ’ ಎಂದಳು ತಂಗಿ. ಇನ್ನೊಂದು ಬಳೆ ಏರಿತು. ಆಮೇಲೆ ಸಣ್ಣ ದನಿಯಲ್ಲಿ, ‘ಅಣ್ಣ ಟ್ರೇಲರ್ ಮ್ಯಾಲ ಇದ್ರ, ಅಕ್ಕಿಕಾಳ ಬೀಳೂವಾಗ ನನ್ನ ಬಾಜೂಕ ಯಾರ ನಿಂದರ್ತಾರ?’ ಎಂದಳು.

ಅದು ನನಗೆ ಹೊಳೆದೇ ಇರಲಿಲ್ಲ. ಎಷ್ಟೋ ಮದುವೆ ನೋಡಿದವನು ನಾನು, ಎಲ್ಲವನ್ನೂ ಟ್ರೇಲರಿನ ಮೇಲಿಂದ. ಅಲ್ಲಿಂದ ಕಾಣುವುದು ರುಮಾಲುಗಳು, ಮಂಟಪದ ಬಟ್ಟೆ, ಕರೆಂಟಿನ ತಂತಿ. ಒಬ್ಬ ಮದುಮಗಳ ಮುಖವನ್ನೂ ನಾನು ಅಕ್ಕಿಕಾಳಿನ ಹೊತ್ತಿನಲ್ಲಿ ಕಂಡಿರಲಿಲ್ಲ.

ಬಳೆಗಾರ್ತಿ ಈಗ ತಲೆ ಎತ್ತಿದಳು. ‘ತಮ್ಮಾ, ಕಾಕಾ ಹುಡುಗೂರ ಅಂದದ್ದು ನಿನಗಲ್ಲ. ನೀ ಹುಡುಗ ಅಲ್ಲೋ, ಬೀಗ. ನಿಮ್ಮಪ್ಪ ನಿಂದರೂ ಜಾಗಾದಾಗ ನಿಂದರಾವ. ಬೀಗರ ಬಾರಸೂದಿಲ್ಲ. ಬೀಗರಿಗೆ ಬಾರಸ್ತಾರ.’

ನಾನು ಎದ್ದು ಹೊರಗೆ ಹೋದೆ. ಸಿಟ್ಟು ಬಂದಿತ್ತು. ಸಂಜೆಯವರೆಗೆ ಅರಿವೆ ಹಿಡಿದು ಬಾಕ್ಸುಗಳನ್ನು ಒರೆಸಿದೆ, ಮೊದಲೇ ಒರೆಸಿದ್ದ ಬಾಕ್ಸುಗಳನ್ನು. ಅವಳು ಹೊರಡುವಾಗ ನನ್ನ ಹತ್ತಿರ ಹಾಯ್ದಳು, ಮಾತಾಡಿಸಲಿಲ್ಲ. ಅದು ಇನ್ನೂ ಸಿಟ್ಟು ತರಿಸಿತು.

ಮುಂಜಾನೆ ನನ್ನ ಹುಡುಗರು ಬಂದರು. ಟ್ರ್ಯಾಕ್ಟರನ್ನು ಹಿತ್ತಲಿಗೆ ಹಚ್ಚಿ ಎಂದೆ.

‘ಮತ್ತ ನಾವ ಏನ ಮಾಡೂಣ್ರಿ ಮಾಲಕ್ರ?’

‘ಉಣ್ಣ್ರಿ.’

‘ಉಂಡು?’

‘ಮತ್ತ ಉಣ್ಣ್ರಿ.’

ಅಪ್ಪನ ರುಮಾಲು ಪೆಟ್ಟಿಗೆಯಲ್ಲಿತ್ತು. ಅವ್ವ ಅದನ್ನು ತೆಗೆದು ಕೊಟ್ಟಳು. ಸುತ್ತಿಕೊಂಡು ಅಗಸಿಗೆ ಹೋಗಿ ನಿಂತೆ. ದಿಬ್ಬಣದ ಗಾಡಿಗಳು ಬಂದವು. ಡೊಳ್ಳಿನ ಹುಡುಗರು ಇಳಿದು ಸಾಲಾಗಿ ನಿಂತರು. ಎಲ್ಲರ ಕಣ್ಣು ನನ್ನ ಹಿಂದೆ ಟ್ರ್ಯಾಕ್ಟರ್ ಹುಡುಕುತ್ತಿತ್ತು. ಅವರೂ ಹೆದರಿಕೊಂಡೇ ಬಂದಿದ್ದರು ಎಂದು ಆಗ ತಿಳಿಯಿತು. ಕಾಕಾ ಮುಂದೆ ಬಂದರು.

‘ಬೀಗರ, ನಿಮ್ಮ ಬೆಂಜೊ ಎಲ್ಲಿ? ಅದಕ್ಕ ಅಂಜಿ ನಮ್ಮ ಹುಡುಗೂರ ಡೊಳ್ಳಿಗೆ ಹೊಸಾ ತೊಗಲ ಬಿಗಿಸ್ಯಾರ.’

‘ಅದು ಹಿತ್ತಲದಾಗ ಐತ್ರಿ. ಇವತ್ತ ನಾ ಬೀಗ ಅದೇನಿ’ ಎಂದೆ.

ಕಾಕಾ ನನ್ನ ಮುಖ ನೋಡಿದರು. ತಿರುಗಿ ಹುಡುಗರಿಗೆ, ‘ಏನ ನೋಡ್ತೀರಿ? ಬೀಗರ ಎದುರಿಗೆ ಬಂದ ನಿಂತಾರ. ಬಾರಸ್ರಿ’ ಎಂದರು. ಡೊಳ್ಳುಗಳು ನನ್ನ ಸುತ್ತ ಒಂದು ಸುತ್ತು ಹಾಕಿದವು. ಹೊಟ್ಟೆಯ ಒಳಗಿನ ತನಕ ಆ ಪೆಟ್ಟು ಬಂತು. ಇಷ್ಟು ವರ್ಷ ನಾನು ಮಂದಿಗೆ ಬಾರಿಸಿದ್ದೆ. ನನಗಾಗಿ ಯಾರೂ ಬಾರಿಸಿರಲಿಲ್ಲ.

ಅಕ್ಕಿಕಾಳಿನ ಹೊತ್ತಿಗೆ ಹುಡುಗರು ಡೊಳ್ಳು ಕೆಳಗಿಟ್ಟು ತಾವೂ ಅಕ್ಕಿ ಹಿಡಿದರು. ನಾನು ತಂಗಿಯ ಬಾಜೂ ನಿಂತಿದ್ದೆ. ಅವಳ ಮೊಣಕೈ ನನ್ನ ಕೈಗೆ ತಾಗುತ್ತಿತ್ತು. ಮಂಟಪದಲ್ಲಿದ್ದ ಅಷ್ಟೂ ಹೆಂಗಸರು ಒಮ್ಮೆಗೇ ಕೈ ಎತ್ತಿದರು. ಆಗ ಕೇಳಿತು. ಒಂದು ಗಾಳಿ ಕಬ್ಬಿನ ಮೇಲೆ ಹಾಯ್ದಂತೆ, ಆದರೆ ಗಾಜಿನದು. ಮಂಟಪದ ಅಂಚಿನಲ್ಲಿ ಕೂತಿದ್ದ ಬಳೆಗಾರ್ತಿಯನ್ನು ಹುಡುಕಿದೆ. ಅವಳು ನನ್ನನ್ನೇ ನೋಡುತ್ತಿದ್ದಳು. ಬೆರಳಿನಿಂದ ತನ್ನ ಕಿವಿ ತೋರಿಸಿ, ತಂಬಾಕು ಉಗುಳಲು ಎದ್ದು ಹೋದಳು.

ಊಟವಾದ ಮೇಲೆ ಕಾಕಾ ತಾವಾಗಿಯೇ, ‘ಈಗ ನಿಮ್ಮ ಹುಡುಗೂರ ಬಾರಸ್ಲಿ’ ಎಂದರು. ಟ್ರ್ಯಾಕ್ಟರ್ ಮುಂದೆ ಬಂತು. ಡೊಳ್ಳಿನವರೆಲ್ಲ ಬೆಂಜೊಕ್ಕೆ ಕುಣಿದರು. ನಾನು ನೆಲದ ಮೇಲೆ ಉಳಿದೆ. ನನ್ನ ಪಾರ್ಟಿಯನ್ನು ನಾನು ನೆಲದಿಂದ ಕೇಳಿದ್ದು ಅದೇ ಮೊದಲು. ಒಂದು ಹಾಡು ಮುಗಿಯುವುದರೊಳಗೆ ಟ್ರೇಲರ್ ಹತ್ತಿ, ಆವಾಜು ಅರ್ಧಕ್ಕೆ ಇಳಿಸಿ ಬಂದೆ.

ಆಮೇಲೆ ಅಕ್ಕಿಕಾಳಿನ ಹೊತ್ತಿಗೆ ನಮ್ಮ ಬೆಂಜೊ ಸುಮ್ಮನಾಗತೊಡಗಿತು. ಕೆಲವರು ಬೈದರು, ‘ಪೂರ್ತಿ ಬಾರಸ್ರಿ’ ಎಂದರು. ಬೇರೆಯವರು ಅದಕ್ಕಾಗಿಯೇ ಹುಡುಕಿಕೊಂಡು ಬಂದರು. ಮರುವರ್ಷ ಬೇವಿನ ಮರದ ಕೆಳಗೆ ಬಳೆಗಾರ್ತಿ ಮತ್ತೆ ಮಲಾರ ಅಲ್ಲಾಡಿಸಿದಳು. ‘ಈಗ ಕೇಳಸ್ತೈತಿ. ಸ್ವಲ್ಪ’ ಎಂದಳು. ಅದಕ್ಕಿಂತ ಹೆಚ್ಚು ಹೊಗಳಿಕೆಯನ್ನು ಯಾರಿಗೂ ಕೊಟ್ಟವಳಲ್ಲ. ಆದರೆ ಅಗಲ ಓಣಿಯ, ನಗುವ ಬೀಗರ ಮನೆಗಳಲ್ಲಿ ನನ್ನ ಹೆಸರು ಹೇಳತೊಡಗಿದಳು.

ಅವಳು ಹೋದ ದಿನ ಮೂಡಲಗಿಯ ಆ ಖೋಲಿಯ ಮುಂದೆ ಬಹಳ ಜನ ಸೇರಿದ್ದರು. ಮುತ್ತೈದೆಯಾಗಿ ಹೋದವಳು. ಅವಳ ಸೊಸೆ ಅತ್ತೆಯ ಕೈ ತುಂಬ ಹಸಿರು ಬಳೆ ಇಡಿಸಿದ್ದಳು. ಹಲಗಿಯವರು ಬಂದಿದ್ದರು, ಭಜನೆಯವರೂ ಬಂದಿದ್ದರು. ಯಾರು ಮುಂದೆ ಎಂದು ನೆರೆಯವರು ಗುಜುಗುಜು ಮಾಡುತ್ತಿದ್ದರು. ಇಂಥದ್ದನ್ನು ಯಾರನ್ನು ಕೇಳಬೇಕೋ ಅವಳು ಒಳಗೆ ಮಲಗಿದ್ದಳು. ಆಗ ಅವಳ ಗಂಡ, ಕಟ್ಟೆಯ ಮೇಲೆ ಕೂತು ದಿನ ಕಳೆದ ಆ ಮಾತಿಲ್ಲದ ಮನುಷ್ಯ, ಎದ್ದು ನನ್ನ ಹತ್ತಿರ ಬಂದ.

‘ತಮ್ಮಾ, ಆಕಿಗೆ ಏನ ಬಾರಸೂಣು?’

ಸುತ್ತ ನೋಡಿದೆ. ಹುಕ್ಕೇರಿಯಿಂದ, ಘಟಪ್ರಭಾದಿಂದ, ನಮ್ಮೂರಿನಿಂದ ಬಂದ ಹೆಂಗಸರು ಗೋಡೆಯುದ್ದಕ್ಕೂ ನಿಂತಿದ್ದರು. ನನ್ನ ತಂಗಿಯೂ ಇದ್ದಳು. ಎಲ್ಲರ ಕೈಯಲ್ಲೂ ಅವಳೇ ಇಡಿಸಿದ ಬಳೆ.

‘ಒಂದ ಹಲಗಿ ಸಾಕ್ರಿ’ ಎಂದೆ. ‘ಅದೂ ಮೆಲ್ಲಕ.’

ಹಾಗೆಯೇ ಆಯಿತು. ಹೆಂಗಸರು ಓಣಿಯ ಕೊನೆಯವರೆಗೆ ಬಂದು ಕೈ ಮುಗಿದರು. ಹಲಗಿಯ ನಡುನಡುವೆ ಅವಳಿಗೆ ಬೇಕಾದದ್ದು ಕೇಳಿತು.

ಸೂತಕದ ದಿನಗಳು ಮುಗಿದ ಮೇಲೆ ಸೊಸೆ ಉಳಿದ ಮಾಲನ್ನು ಬೇರೆ ಅಂಗಡಿಗೆ ಕೊಡುತ್ತಿದ್ದಾಳೆಂದು ಕೇಳಿ ಹೋದೆ. ಒಂದು ಹಸಿರು ಮಲಾರ ಬೇಕು ಎಂದೆ.

‘ಯಾರ ಕೈ ಅಳತೀದ್ರಿ ಅಣ್ಣಾರ?’

‘ಬೆಂಜೊದ ಅಳತೀದವ್ವ.’

ಅವಳು ತಿಳಿದೇ ನಕ್ಕಳು. ಈಗ ಹೊಸ ಮದುವೆ ಗೊತ್ತಾದರೆ ನಾನೇ ಮೊದಲು ಆ ಮನೆಗೆ ಹೋಗಿ ಓಣಿ ನೋಡುತ್ತೇನೆ, ಮುದುಕರಿದ್ದಾರೆಯೇ ಎಂದು ಕೇಳುತ್ತೇನೆ. ನಮ್ಮದು ಹೊಂದದ ಮನೆಯಿದ್ದರೆ ಸನಾದಿಯವರ ಹೆಸರು ಹೇಳುತ್ತೇನೆ. ಹುಡುಗರು ಗೊಣಗುತ್ತಾರೆ. ತಾಲೀಮಿನಲ್ಲಿ ಮಲಾರ ಅಲ್ಲಾಡಿಸುತ್ತ ನಾನು ನೆಲದ ಮೇಲೆಯೇ ನಿಲ್ಲುತ್ತೇನೆ.

ಈಗ ನನ್ನ ಹತ್ತಿರ ಒಂದು ಟ್ರ್ಯಾಕ್ಟರ್ ಇದೆ, ಎರಡು ಟ್ರೇಲರ್, ಹನ್ನೆರಡು ಬಾಕ್ಸು, ಮೂರು ಬೆಂಜೊ, ಏಳು ಮಂದಿ ಹುಡುಗರು. ಸ್ಲ್ಯಾಬ್ ಹಾಕಿದ ಎರಡು ಖೋಲಿ. ಅಪ್ಪನ ರುಮಾಲು. ರಜೆಗೆ ಬಂದು ಪ್ಯಾಡು ಬಡಿಯುವ ತಂಗಿಯ ಇಬ್ಬರು ಮಕ್ಕಳು. ಹಸಿರು ಬಳೆಯ ಒಂದು ಮಲಾರ. ಅದರಲ್ಲಿ ಎರಡು ಹೆಚ್ಚಾಗಿವೆ.